ಬೋಕಿ ಮೇಲೆ ಬರೆದ ಮಠದ ವ್ಯವಹಾರ

ಪ್ರಶ್ನೆ: ಹೋದ ಚಳಿಗಾಲ ಮನೆಯವರೆಲ್ಲ ಈಜಿಪ್ಟ್ ನೋಡಲು ಹೋಗಿದ್ದೆವು. ಲಕ್ಸರ್ ಹತ್ತಿರ ಹಟ್‌ಶೆಪ್ಸುತ್ ರಾಣಿಯ ದೇವಸ್ಥಾನದಲ್ಲಿ ಗೈಡ್, "ಇಲ್ಲಿ ಒಂದು ಕಾಲದಲ್ಲಿ ಕ್ರೈಸ್ತ ಸನ್ಯಾಸಿಗಳ ಮಠ ಇತ್ತು" ಅಂದರು. ನಮಗೆ ಮಠ ಎಲ್ಲೂ ಕಾಣಲಿಲ್ಲ. ಆಮೇಲೆ ಕೈರೋದ ಕಾಪ್ಟಿಕ್ (ಈಜಿಪ್ಟಿನ ಕ್ರೈಸ್ತರ) ಮ್ಯೂಸಿಯಂನಲ್ಲಿ ಕಪ್ಪು ಮಸಿಯಿಂದ ಬರೆದ ಮಡಕೆ ಚೂರು, ಕಲ್ಲಿನ ಚಕ್ಕೆ ನೋಡಿದೆವು. ಒಡೆದ ಮಡಕೆ ಮೇಲೆ ಯಾಕೆ ಬರೆದರು, ಅಷ್ಟು ಬಡತನವೇ? ಅದು ಸನ್ಯಾಸಿಯೇ ಬರೆದದ್ದು ಅಂತ ಹೇಗೆ ಹೇಳುತ್ತಾರೆ? ಇಂಥ ಚೂರುಗಳಿಂದ ಮಠದ ಬದುಕಿನ ಬಗ್ಗೆ ನಿಜವಾಗಿ ಏನು ಗೊತ್ತಾಗುತ್ತದೆ? ಇನ್ನೊಂದು ಮಾತು. ಹೊರಗೆ ಒಬ್ಬ ಇಂಥದ್ದೇ ಚೂರು ಮಾರಲು ಬಂದಿದ್ದ. ನಾವು ಕೊಳ್ಳಲಿಲ್ಲ. ಕೊಳ್ಳಬಹುದಿತ್ತಾ?

ಉತ್ತರ: ನಿಮ್ಮ ಗೈಡ್ ಹೇಳಿದ್ದು ಸರಿ. ಕ್ರಿ.ಶ. 600ರ ಆಸುಪಾಸಿನಲ್ಲಿ ಆ ದೇವಸ್ಥಾನದ ಪಾಳಿನ ಮೇಲೆ ಸಂತ ಫೋಯ್ಬಮ್ಮೊನ್ ಹೆಸರಿನ ಮಠ ಇತ್ತು. ಈಗ ಆ ಜಾಗವನ್ನು ಕರೆಯುವ ದೇರ್ ಎಲ್-ಬಹ್ರಿ ಅನ್ನುವ ಅರಬ್ಬಿ ಹೆಸರು ಕೂಡ ಮಠದ ನೆನಪಿನದ್ದೇ. ಮಠ ನಿಮಗೆ ಕಾಣದಿದ್ದುದಕ್ಕೆ ಕಾರಣ ಕಾಲ ಅಲ್ಲ, ಅಗೆದವರು. 1890ರ ದಶಕದಲ್ಲಿ ಎದುವಾರ್ ನಾವಿಲ್ ಅವರ ತಂಡ ಅಲ್ಲಿ ಕೆಲಸ ಮಾಡಿತು. ಅವರಿಗೆ ಬೇಕಾಗಿದ್ದುದು ರಾಣಿಯ ಕಾಲದ ಗೋಡೆ, ಬಣ್ಣ, ಶಿಲ್ಪ. ಮೇಲೆ ಕೂತಿದ್ದ ಮಣ್ಣಿಟ್ಟಿಗೆಯ ಮಠ ಅಡ್ಡ ಬರುತ್ತಿತ್ತು. ತೆಗೆದುಹಾಕಿದರು. ಅಗೆತಕ್ಕೆ ಮುಂಚಿನ ಹಳೆಯ ಫೋಟೋಗಳಲ್ಲಿ ಮಠದ ಗೋಪುರ ನಿಂತಿರುವುದು ಕಾಣುತ್ತದೆ. ಇವತ್ತು ಆ ಮಠದಲ್ಲಿ ಉಳಿದಿರುವುದರಲ್ಲಿ ಬಹುಪಾಲು ನೀವು ಮ್ಯೂಸಿಯಂನಲ್ಲಿ ನೋಡಿದಂಥ ಚೂರುಗಳೇ. ಗೋಡೆ ಹೋಯಿತು, ಕಸ ಉಳಿಯಿತು.

ಬಡತನದ ಪ್ರಶ್ನೆಗೆ ಬರೋಣ. ಈ ಮಠ ಕಟ್ಟಿಸಿದವರು ಅಬ್ರಹಾಂ. ಹರ್ಮೊಂತಿಸ್ ಅನ್ನುವ ಪಟ್ಟಣದ ಬಿಷಪ್, ಅಂದರೆ ಇವತ್ತಿನ ಅರ್ಮಂತ್. ಸಣ್ಣ ಆಸಾಮಿ ಅಲ್ಲ. ಇವರ ಚಿತ್ರಪಟ ಬರ್ಲಿನ್‌ನ ಮ್ಯೂಸಿಯಂನಲ್ಲಿ ಇದೆ. ಇವರ ಉಯಿಲು ಲಂಡನ್‌ನಲ್ಲಿ ಇದೆ. ಆ ಉಯಿಲು ಪಪೈರಸ್ (ಜೊಂಡಿನಿಂದ ಮಾಡಿದ ಕಾಗದ) ಮೇಲೆ, ಗ್ರೀಕ್ ಭಾಷೆಯಲ್ಲಿ, ಸಾಕ್ಷಿಗಳ ಸಮೇತ ನೀಟಾಗಿ ಬರೆದದ್ದು. ಬಿಷಪ್‌ರಿಗೆ ಗ್ರೀಕ್ ಬರುತ್ತಿರಲಿಲ್ಲ. ಹಾಗಾಗಿ ಅದನ್ನು ಅವರ ಮಾತಿನಲ್ಲಿ ಓದಿ ಹೇಳಲಾಯಿತು ಅಂತ ಅದರಲ್ಲೇ ಇದೆ. ಇದೇ ಮನುಷ್ಯ ದಿನದ ಪತ್ರಗಳನ್ನು ಮಾತ್ರ ಬೋಕಿ, ಅಂದರೆ ಮಡಕೆ ಚೂರಿನ ಮೇಲೆ, ಸುಣ್ಣಕಲ್ಲಿನ ಚಕ್ಕೆ ಮೇಲೆ ಬರೆಸುತ್ತಿದ್ದರು. ದುಡ್ಡಿಲ್ಲದವರಾಗಿದ್ದರೆ ಪಪೈರಸ್ ಉಯಿಲು ಬರುತ್ತಿರಲಿಲ್ಲ ಅಲ್ವಾ? ನಾವು ಜಮೀನಿನ ಪತ್ರಕ್ಕೆ ಛಾಪಾ ಕಾಗದ ತಂದು, ದಿನಸಿ ಪಟ್ಟಿಯನ್ನು ಹಳೇ ಕ್ಯಾಲೆಂಡರ್ ಹಿಂಬದಿಗೆ ಬರೆಯುತ್ತೇವೆ. ಹೆಚ್ಚುಕಡಿಮೆ ಅದೇ ಲೆಕ್ಕ.

ಆದರೆ ಪಪೈರಸ್ ಬೇಕಾದಾಗೆಲ್ಲ ಸಿಗುತ್ತಿತ್ತು ಅಂತಲೂ ಅಲ್ಲ. ಎಷ್ಟೋ ಚೂರುಗಳಲ್ಲಿ ಬರೆದವನು ಕ್ಷಮೆ ಕೇಳುತ್ತಾನೆ: ಪಪೈರಸ್ ಸಿಗಲಿಲ್ಲ, ತಪ್ಪು ತಿಳಿಯಬೇಡಿ ಅಂತ. ದೊಡ್ಡವರಿಗೆ ಬರೆಯುವಾಗ ಬೋಕಿ ಕಳಿಸುವುದು ಸ್ವಲ್ಪ ಮರ್ಯಾದೆಗೇಡು ಅನ್ನುವ ಭಾವನೆ ಇತ್ತು. ಆದರೂ ಕಳಿಸುತ್ತಿದ್ದರು.

ಚೂರಿಗೆ ಬರ ಇರಲಿಲ್ಲ. ನೈಲ್ ಕಣಿವೆಯ ಮಣ್ಣಿನಲ್ಲಿ ಮಾಡಿದ ಕಂದು ಬಣ್ಣದ ವೈನ್ ಹೂಜಿಗಳು ಅಲ್ಲಿ ರಾಶಿ ರಾಶಿ. ಅವುಗಳ ಮೈಮೇಲೆ ಸುತ್ತಲೂ ಉಬ್ಬುಗೆರೆ ಇರುತ್ತದೆ. ವೈನ್ ಸೋರದ ಹಾಗೆ ಒಳಗೆ ರಾಳ ಬಳಿದಿರುತ್ತಾರೆ. ರಾಳದ ಮೇಲೆ ಮಸಿ ಸರಿಯಾಗಿ ಕೂರುವುದಿಲ್ಲ. ಅದಕ್ಕೇ ಬರಹ ಸಾಮಾನ್ಯವಾಗಿ ಹೊರಮೈಯಲ್ಲಿ ಇರುತ್ತದೆ. ಇನ್ನು ಸುಣ್ಣಕಲ್ಲು. ಥೀಬ್ಸ್‌ನ (ಲಕ್ಸರ್‌ನ ಹಳೆಯ ಹೆಸರು) ಆ ಗುಡ್ಡದಲ್ಲಿ ಫೇರೋಗಳ ಕಾಲದವರು ನೂರಾರು ಗೋರಿಗಳನ್ನು ಕೊರೆದಿದ್ದರು. ಕೊರೆದಾಗ ಬಿದ್ದ ಬಿಳಿ ಚಕ್ಕೆಗಳು ಎರಡು ಸಾವಿರ ವರ್ಷ ಹಾಗೇ ಬಿದ್ದಿದ್ದವು. ಸನ್ಯಾಸಿಗೆ ಬಾಗಿಲ ಮುಂದೆಯೇ ಬಿಟ್ಟಿ ಕಾಗದ. ದೀಪದ ಕಾಡಿಗೆಗೆ ಗೋಂದು ಕಲಸಿದರೆ ಮಸಿ. ಜೊಂಡಿನ ಕಡ್ಡಿ ಚೂಪು ಮಾಡಿದರೆ ಲೇಖನಿ. ಈ ಮಸಿ ನೀರಿಗೆ ತೊಳೆದು ಹೋಗುತ್ತದೆ. ಹಳೇ ಬರಹ ತೊಳೆದು, ಅದರ ಮೇಲೆ ಹೊಸದು ಬರೆದ ಚೂರುಗಳೂ ಇವೆ. ಮಳೆ ಬೀಳುವ ನಾಡಾಗಿದ್ದರೆ ನಮಗೆ ಇವುಗಳಲ್ಲಿ ಒಂದಕ್ಷರವೂ ಸಿಗುತ್ತಿರಲಿಲ್ಲ.

ನಿಮ್ಮ ಎರಡನೇ ಪ್ರಶ್ನೆಯೇ ನಿಜವಾಗಿ ಗಟ್ಟಿಯಾದದ್ದು. ಇದು ಸನ್ಯಾಸಿ ಬರೆದದ್ದು ಅಂತ ಹೇಗೆ ಗೊತ್ತು?

ಚೂರಿನ ಮೇಲೆ ಬರೆದರೆ ಸನ್ಯಾಸಿ ಅಂತಲ್ಲ. ಆ ಗುಡ್ಡದ ಬುಡದಲ್ಲಿ ಜೇಮೆ ಅನ್ನುವ ಊರು ಇತ್ತು. ಮೂರನೇ ರಾಮ್ಸೆಸ್‌ನ ದೇವಸ್ಥಾನದ ಪ್ರಾಕಾರದ ಒಳಗೇ ಮನೆಗಳನ್ನು ಕಟ್ಟಿಕೊಂಡು ಜನ ವಾಸ ಮಾಡುತ್ತಿದ್ದರು. ಈಗ ನಾವು ಮದೀನತ್ ಹಾಬು ಅನ್ನುವುದು ಅದನ್ನೇ. 1920ರ ದಶಕದ ಕೊನೆಯಲ್ಲಿ ಶಿಕಾಗೋ ವಿಶ್ವವಿದ್ಯಾಲಯದವರು ಅಲ್ಲಿ ಅಗೆಯಲು ಶುರು ಮಾಡಿದಾಗ ಮನೆಗಳಿಂದ ನೂರಾರು ಬರಹದ ಚೂರು ಬಂದವು. ಅದರಲ್ಲಿ ಕೊಲೋಜೆ ಅನ್ನುವ ಹೆಂಗಸಿನ ಲೆಕ್ಕಪತ್ರ ಇದೆ. ಆಕೆ ಏಳನೇ ಶತಮಾನದಲ್ಲಿ ಒತ್ತೆ ಇಟ್ಟುಕೊಂಡು ಸಾಲ ಕೊಡುತ್ತಿದ್ದವಳು. ಅದೂ ಮಡಕೆ ಚೂರೇ, ಅದೂ ಕಾಪ್ಟಿಕ್ ಭಾಷೆಯೇ, ಅದರಲ್ಲೂ ದೇವರ ಹೆಸರು ಬರುತ್ತದೆ. ಕೊಲೋಜೆಯ ಚೂರನ್ನೂ ಒಬ್ಬ ಸನ್ಯಾಸಿಯ ಚೂರನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ, ಓದಲು ಬಾರದವರಿಗೆ ಒಂದು ಕೂದಲಿನಷ್ಟೂ ವ್ಯತ್ಯಾಸ ಕಾಣುವುದಿಲ್ಲ.

ಹಾಗಾದರೆ ಹೇಗೆ? ಮೊದಲನೆಯದು, ಎಲ್ಲಿ ಸಿಕ್ಕಿತು ಅನ್ನುವುದು. ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಎರಡನೆಯದು, ಬರೆದವನು ತನ್ನನ್ನು ಹೇಗೆ ಕರೆದುಕೊಳ್ಳುತ್ತಾನೆ ಅನ್ನುವುದು. ಸನ್ಯಾಸಿಗಳ ಪತ್ರದಲ್ಲಿ ಶುರುವಿಗೆ ಶಿಲುಬೆ, ಆಮೇಲೆ "ಅಲ್ಪನಾದ ನಾನು" ಅನ್ನುವ ಥರದ ವಿನಯ, ಎದುರಿನವರಿಗೆ ಪವಿತ್ರ ತಂದೆ ಅನ್ನುವ ಗೌರವ, ಕೊನೆಗೆ ದೇವರಲ್ಲಿ ಕ್ಷೇಮವಾಗಿರು ಅನ್ನುವ ಹಾರೈಕೆ, ಇಂಥವರಿಗೆ ಇಂಥವರಿಂದ ಅನ್ನುವ ವಿಳಾಸ ಇರುತ್ತದೆ. ಇದು ಅಷ್ಟು ಗಟ್ಟಿ ಸಾಕ್ಷಿ ಅಲ್ಲ, ಯಾಕಂದರೆ ಊರಿನವರೂ ಇದೇ ಧಾಟಿಯಲ್ಲಿ ಬರೆಯುತ್ತಿದ್ದರು. ಮೂರನೆಯದು ಕೈಬರಹ. ಒಬ್ಬನೇ ಮನುಷ್ಯನ ಹತ್ತಾರು ಪತ್ರ ಸಿಕ್ಕಿದಾಗ ಅವನ ಅಕ್ಷರ ಗುರುತು ಹಿಡಿಯಬಹುದು. ಆಗ ಹೆಸರು ಮುರಿದು ಹೋದ ಚೂರಿಗೂ ಯಜಮಾನ ಸಿಗುತ್ತಾನೆ.

ಈ ಮೂರೂ ಸೇರಿಬಂದ ಒಂದು ಪ್ರಸಂಗ ಹೇಳುತ್ತೇನೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅದಕ್ಕಿಂತ ಚೆನ್ನಾದ ಉದಾಹರಣೆ ಇಲ್ಲ.

ಫ್ರಾಂಗೆ ಅನ್ನುವ ಸನ್ಯಾಸಿಯ ಪತ್ರಗಳು ಬಹಳ ಹಿಂದಿನಿಂದಲೂ ಯೂರೋಪಿನ ಮ್ಯೂಸಿಯಂಗಳಲ್ಲಿ ಚದುರಿಕೊಂಡಿದ್ದವು. ವ್ಯಾಪಾರಿಗಳ ಕೈಯಿಂದ ಬಂದವು. ಎಲ್ಲಿಯವು ಅಂತ ಖಚಿತ ಇರಲಿಲ್ಲ. 1999ರಲ್ಲಿ ಬೆಲ್ಜಿಯಂನ ತಂಡವೊಂದು ಶೇಖ್ ಅಬ್ದ್ ಎಲ್-ಕುರ್ನಾ ಗುಡ್ಡದಲ್ಲಿ 29ನೇ ನಂಬರಿನ ಗೋರಿಯಲ್ಲಿ ಕೆಲಸ ಶುರು ಮಾಡಿತು. ಅದು ಅಮೆನೆಮೊಪೆ ಅನ್ನುವ ಫೇರೋ ಕಾಲದ ಮಂತ್ರಿಯ ಗೋರಿ. ಅವರು ಹುಡುಕಿಕೊಂಡು ಹೋದದ್ದು ಮಂತ್ರಿಯನ್ನು. ಸಿಕ್ಕಿದ್ದು ಫ್ರಾಂಗೆ. ಒಂದು ಸಾವಿರಕ್ಕೂ ಜಾಸ್ತಿ ಬರಹದ ಚೂರುಗಳು ಅಲ್ಲಿಂದ ಬಂದವು. ಅವನು ಬರೆದದ್ದು, ಅವನಿಗೆ ಬಂದದ್ದು, ಅವನ ಜೊತೆ ಇದ್ದವರದ್ದು. ಆನ್ ಬುದೋರ್ ಮತ್ತು ಶಾಂತಾಲ್ ಹೊರ್ತೆಲ್ ಎಂಬ ಇಬ್ಬರು ವಿದುಷಿಯರು ಅವನ್ನು ಓದಿ 2010ರಲ್ಲಿ ಪ್ರಕಟಿಸಿದರು. ಎಂಟನೇ ಶತಮಾನದ ಮೊದಲ ಭಾಗದಲ್ಲಿ ಆ ಗೋರಿಯೇ ಅವನ ಮನೆಯಾಗಿತ್ತು. ಅಲ್ಲಿಗೆ ಲಂಡನ್ನಿನಲ್ಲಿ ಒಂದು, ಇನ್ನೆಲ್ಲೋ ಒಂದು ಅಂತ ಬಿದ್ದಿದ್ದ ಚೂರುಗಳಿಗೂ ಮನೆ ಸಿಕ್ಕಿತು.

ಫ್ರಾಂಗೆ ಏನು ಬರೆಯುತ್ತಿದ್ದ? ಧ್ಯಾನದ ಮಾತು, ದರ್ಶನದ ಮಾತು ಅಂತ ಹುಡುಕಿದರೆ ನಿರಾಶೆಯಾಗುತ್ತದೆ. ಅವನು ನೇಕಾರ. ಅಗಸೆ ನಾರಿನ ದಾರ ಬೇಕು ಅಂತ ಬರೆಯುತ್ತಾನೆ. ಹೆಣಕ್ಕೆ ಸುತ್ತುವ ಪಟ್ಟಿ ನೇಯುವುದು ಅವನ ಕಸುಬುಗಳಲ್ಲಿ ಒಂದು. ಪುಸ್ತಕ ನಕಲು ಮಾಡುತ್ತಿದ್ದ, ರಟ್ಟು ಕಟ್ಟುತ್ತಿದ್ದ. ಅದನ್ನು ಕಳಿಸು, ಇದನ್ನು ತಾ, ಬಂದು ಹೋಗು, ಆಶೀರ್ವಾದ ಅಂತ ಪುಟ್ಟ ಪುಟ್ಟ ಪತ್ರ. ಅವನ ಸುತ್ತಲಿನ ಓಲೆಗಳಲ್ಲಿ ಹೆಂಗಸರ ಹೆಸರೂ ಬರುತ್ತವೆ. ಮಕ್ಕಳ ಯೋಗಕ್ಷೇಮವೂ ಬರುತ್ತದೆ. ಇವನು ಗೋರಿಯೊಳಗೆ ಇದ್ದ ಏಕಾಂತವಾಸಿ. ಆದರೂ ಇವನಷ್ಟು ಪತ್ರ ವ್ಯವಹಾರ ಇಟ್ಟುಕೊಂಡವರು ಆ ಕಾಲದಲ್ಲಿ ಕಡಿಮೆ!

ಇಲ್ಲಿಗೆ ನಿಮ್ಮ ಮೂರನೇ ಪ್ರಶ್ನೆಗೆ ಬಂದ ಹಾಗಾಯಿತು. ಈಜಿಪ್ಟಿನ ಸನ್ಯಾಸಿಗಳ ಬಗ್ಗೆ ನಮಗೆ ಗೊತ್ತಿರುವುದು ಹೆಚ್ಚಾಗಿ ಸಂತಚರಿತ್ರೆಗಳಿಂದ. ಅವುಗಳಲ್ಲಿ ಸನ್ಯಾಸಿ ಊರು ಬಿಡುತ್ತಾನೆ, ಮರಳುಗಾಡಿಗೆ ಹೋಗುತ್ತಾನೆ, ಸೈತಾನನ ಜೊತೆ ಹೋರಾಡುತ್ತಾನೆ, ಮನುಷ್ಯರ ಮುಖ ನೋಡಲು ಒಲ್ಲೆ ಅನ್ನುತ್ತಾನೆ. ಚೂರುಗಳು ಹೇಳುವ ಕಥೆಯೇ ಬೇರೆ. ಥೀಬ್ಸ್ ಗುಡ್ಡದ ಸನ್ಯಾಸಿ ಊರು ಬಿಟ್ಟಿರಲಿಲ್ಲ. ಊರಿಗೆ ಎದುರಾಗಿ ಸ್ವಲ್ಪ ಎತ್ತರದಲ್ಲಿ ಕೂತಿದ್ದ, ಅಷ್ಟೇ. ಗುಡ್ಡದಿಂದ ಜೇಮೆಗೆ ಒಂದು ಗಂಟೆಯೂ ಬೇಡ, ನಡೆದು ಹೋಗಬಹುದು. ಚೂರುಗಳು ದಿನಾ ಆ ದಾರಿಯಲ್ಲಿ ಇಳಿದು ಹತ್ತುತ್ತಿದ್ದವು.

ಅದೇ ಗುಡ್ಡದಲ್ಲಿ ಎಪಿಫಾನಿಯಸ್ ಅನ್ನುವ ಸನ್ಯಾಸಿಯ ಮಠ ನೋಡಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನವರು ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಅದನ್ನು ಅಗೆದರು. 1926ರಲ್ಲಿ ಎರಡು ಸಂಪುಟಗಳ ವರದಿ ಬಂತು. ಅಗೆತದ ಭಾಗ ಬರೆದವರು ಹರ್ಬರ್ಟ್ ವಿನ್‌ಲಾಕ್, ಕಾಪ್ಟಿಕ್ ಬರಹಗಳನ್ನು ಓದಿದವರು ವಾಲ್ಟರ್ ಕ್ರಮ್. ಕಾಪ್ಟಿಕ್ ಭಾಷೆಗೆ ಇವತ್ತಿಗೂ ಎಲ್ಲರೂ ಕೈಗೆತ್ತಿಕೊಳ್ಳುವ ನಿಘಂಟು ಮಾಡಿದ್ದೂ ಇದೇ ಕ್ರಮ್. ಆ ಕೆಲಸದಲ್ಲಿ ಒಂದು ಒಳ್ಳೆಯದಿತ್ತು. ಕಾಪ್ಟಿಕ್ ಪದರವನ್ನು ಅಡ್ಡಿ ಅಂತ ಎಸೆಯದೆ, ಅದನ್ನೇ ವಿಷಯವಾಗಿ ತಗೊಂಡು, ಚೂರು, ಕಟ್ಟಡ, ಸಾಮಾನು ಮೂರನ್ನೂ ಒಟ್ಟಿಗೆ ನೋಡಿದರು. ದಾಗಾ ಅನ್ನುವ ಬಹಳ ಹಳೆಯ ಮಂತ್ರಿಯ ಗೋರಿಯ ಸುತ್ತ ಈ ಮಠ ಬೆಳೆದಿತ್ತು. ಗೋಪುರಗಳಿದ್ದವು. ಗೋರಿಯ ಗೋಡೆ ಮೇಲೆ ಧರ್ಮಗುರುಗಳ ಪತ್ರ, ಸಿದ್ಧಾಂತದ ಮಾತು ಬರೆದಿದ್ದರು. ನೆಲದಲ್ಲಿ ಗುಂಡಿ ಮಗ್ಗದ ಗುಂಡಿಗಳು ಸಿಕ್ಕವು. ನಾರಿನ ಹಗ್ಗ, ಖರ್ಜೂರದ ಗರಿಯ ಬುಟ್ಟಿ, ಚರ್ಮದ ಕೆಲಸದ ತುಂಡು ಸಿಕ್ಕವು. ಅದೇ ಜಾಗದ ಚೂರುಗಳಲ್ಲಿ ನೇಯ್ಗೆಯ ಬಗ್ಗೆ ಪತ್ರಗಳೂ ಸಿಕ್ಕವು. ಬರಹ ಒಂದು ಹೇಳಿ ನೆಲ ಇನ್ನೊಂದು ಹೇಳಿದರೆ ಅನುಮಾನ ಬರಬೇಕು. ಇಲ್ಲಿ ಎರಡೂ ಒಂದೇ ಹೇಳುತ್ತವೆ.

ಎಪಿಫಾನಿಯಸ್‌ಗೆ ಬಂದ ಪತ್ರಗಳು ಇನ್ನೂ ಸ್ವಾರಸ್ಯ. ಊರ ಮುಖ್ಯಸ್ಥನಿಗೆ ಅಲ್ಲಿ ಲಶಾನೆ ಅನ್ನುತ್ತಿದ್ದರು. ನಮ್ಮ ಹಳ್ಳಿಯಲ್ಲಾದರೆ ಗೌಡ ಅಥವಾ ಪಟೇಲ ಅಂದಂತೆ. ಊರ ಲಶಾನೆಯೇ ಈ ಸನ್ಯಾಸಿಗೆ ವಿನಯದಿಂದ ಬರೆಯುತ್ತಾನೆ. ಕಾಯಿಲೆ ಬಿದ್ದವರು ಪ್ರಾರ್ಥನೆ ಕೇಳುತ್ತಾರೆ. ಜಗಳ ಆದವರು ನ್ಯಾಯ ಕೇಳುತ್ತಾರೆ. ಕಂದಾಯ ಕಟ್ಟಲಾಗದೆ ಊರು ಬಿಟ್ಟು ಓಡಿಹೋದವರಿಗಾಗಿ ಆ ಪ್ರದೇಶದಲ್ಲಿ ಒಂದು ಬಗೆಯ ಅಭಯಪತ್ರ ಇತ್ತು: ದೇವರಾಣೆ, ಮನೆಗೆ ಬಾ, ನಿನಗೆ ತೊಂದರೆ ಕೊಡುವುದಿಲ್ಲ, ಇಷ್ಟು ಕಟ್ಟಿದರೆ ಸಾಕು ಅಂತ. ಊರಿನ ಅಧಿಕಾರಿಗಳು ಬರೆಯುತ್ತಿದ್ದ ಇಂಥ ಚೂರುಗಳು ಹಲವು ಉಳಿದಿವೆ. ಓಡಿಹೋದವನ ಪರವಾಗಿ ಮಾತಾಡಲು ಊರಿಗೂ ಅವನಿಗೂ ನಡುವೆ ಸನ್ಯಾಸಿಯ ಹೆಸರು ಬೇಕಾಗುತ್ತಿತ್ತು. ಅಧಿಕಾರಿಯ ಮಾತನ್ನು ಯಾರು ನಂಬುತ್ತಾರೆ?

619ರಲ್ಲಿ ಪರ್ಷಿಯನ್ನರು ಈಜಿಪ್ಟ್ ಹಿಡಿದರು. ಕೊಪ್ಟೊಸ್‌ನ ಬಿಷಪ್ ಪಿಸೆಂಟಿಯಸ್ ಆಗ ಈ ಗುಡ್ಡಕ್ಕೆ ಬಂದು ಆಸರೆ ಪಡೆದರು. ಅವರ ಸಂತಚರಿತ್ರೆಯೂ ಇದೆ, ಪತ್ರಗಳೂ ಇವೆ. ಚರಿತ್ರೆಯಲ್ಲಿ ಪವಾಡ ಜಾಸ್ತಿ, ಪತ್ರಗಳಲ್ಲಿ ಮದುವೆ, ಮನಸ್ತಾಪ, ಆಸ್ತಿಯ ತಕರಾರು ಜಾಸ್ತಿ.

ಓದಿನ ವಿಷಯಕ್ಕೆ ಬಿಷಪ್ ಅಬ್ರಹಾಂ ಅವರ ಚೂರುಗಳು ಬಹಳ ಉಪಯೋಗ. ಊರಿನ ಗುಡಿಗೆ, ಅಂದರೆ ಚರ್ಚಿಗೆ, ಡೀಕನ್ (ಪಾದ್ರಿಯ ಕೈಕೆಳಗಿನ ಸೇವಕ) ಆಗಬೇಕೆಂದವರು ಬಿಷಪ್‌ರಿಗೆ ಒಂದು ಮುಚ್ಚಳಿಕೆ ಬರೆದುಕೊಡಬೇಕಿತ್ತು. ಒಂದು ಚೂರಿನಲ್ಲಿ ಮೂರು ಜನ ಸೇರಿ ಬರೆದುಕೊಟ್ಟಿದ್ದಾರೆ: ಕಟ್ಟಳೆಗಳನ್ನು ಪಾಲಿಸುತ್ತೇವೆ, ಪೆಂಟೆಕೊಸ್ಟ್ ಹಬ್ಬ ಮುಗಿಯುವುದರೊಳಗೆ ಯೋಹಾನನ ಸುವಾರ್ತೆಯನ್ನು ಬಾಯಿಪಾಠ ಮಾಡುತ್ತೇವೆ, ಮಾಡದಿದ್ದರೆ ನಮಗೆ ದೀಕ್ಷೆ ಇಲ್ಲ ಅಂತ. ಇಡೀ ಸುವಾರ್ತೆ! ಇವರು ಸನ್ಯಾಸಿಗಳಲ್ಲ, ಊರಿನ ಗುಡಿ ಸೇವೆಗೆ ಹೋಗುವವರು. ಆದರೆ ಬಿಷಪ್ ಮಠದಲ್ಲೇ ಕೂತಿದ್ದರಿಂದ ಕಚೇರಿಯೂ ಅಲ್ಲೇ, ಕಡತವೂ ಅಲ್ಲೇ. ಹಾಗಾಗಿ ಮಠದಲ್ಲಿ ಸಿಕ್ಕ ಚೂರೆಲ್ಲ ಮಠದ ಒಳಗಿನ ಬದುಕು ಅಂತ ಲೆಕ್ಕ ಹಾಕಿದರೆ ಎಡವುತ್ತೇವೆ. ಬಡವರಿಗೆ ಕಾಟ ಕೊಟ್ಟವನಿಗೆ ಹಬ್ಬದ ಪ್ರಸಾದ ಇಲ್ಲ ಅಂತ ಬಹಿಷ್ಕಾರ ಹಾಕಿದ ಪತ್ರವೂ ಅಬ್ರಹಾಂ ಅವರದ್ದಿದೆ. ಅದೂ ಊರಿನ ಸುದ್ದಿಯೇ.

ಮಠದೊಳಗಿನ ಪಾಠಶಾಲೆಯ ಗುರುತು ಬೇರೆ ಥರ. ಅಕ್ಷರಮಾಲೆ ತಿದ್ದಿದ ಚೂರು, ಕೀರ್ತನೆಯ ಸಾಲು ಬರೆದು ಅಭ್ಯಾಸ ಮಾಡಿದ ಚೂರು. ಎಪಿಫಾನಿಯಸ್ ಮಠದಲ್ಲಿ ಹೋಮರನ ಸಾಲು, ಮೆನಾಂಡರ್ ಹೆಸರಿನ ಗ್ರೀಕ್ ಗಾದೆಗಳೂ ಸಿಕ್ಕಿವೆ. ಕ್ರೈಸ್ತ ಸನ್ಯಾಸಿ ಏಳನೇ ಶತಮಾನದಲ್ಲಿ ಟ್ರಾಯ್ ಯುದ್ಧದ ಸಾಲು ಯಾಕೆ ಬರೆದ? ಕೈಬರಹ ಕಲಿಯಲು ಶತಮಾನಗಳಿಂದ ಅದೇ ಪಾಠ ನಡೆದುಬಂದಿತ್ತು, ಅಷ್ಟೇ. ಇದರಿಂದ ಗ್ರೀಕ್ ಸಾಹಿತ್ಯದ ಪಂಡಿತರು ಅಲ್ಲಿದ್ದರು ಅಂತ ತೀರ್ಮಾನಿಸುವವರೂ ಇದ್ದಾರೆ. ನನಗೆ ಅದು ಸ್ವಲ್ಪ ಜಾಸ್ತಿಯಾಯಿತು ಅನಿಸುತ್ತದೆ.

ಕಲ್ಲಿನ ಚಕ್ಕೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ಪುಸ್ತಕಪಟ್ಟಿ. ಎಲಿಯಾಸ್ ಹೆಸರಿನ ಮಠದ ಗ್ರಂಥಗಳನ್ನು ಒಂದು ದೊಡ್ಡ ಸುಣ್ಣಕಲ್ಲಿನ ಮೇಲೆ ಮಸಿಯಲ್ಲಿ ಪಟ್ಟಿ ಮಾಡಿದ್ದಾರೆ. ಸುಮಾರು 80 ಪುಸ್ತಕ. ಇದು ಪಪೈರಸ್ಸಿನದ್ದು, ಇದು ಚರ್ಮದ ಹಾಳೆಯದ್ದು ಅಂತ ಗುರುತು ಬೇರೆ. ಆ ಪುಸ್ತಕಗಳು ಎಲ್ಲಿ ಹೋದವೋ. ಪಟ್ಟಿ ಬರೆದ ಕಲ್ಲು ಉಳಿದುಕೊಂಡಿತು. ಗುಡ್ಡದ ಸಣ್ಣ ಮಠದಲ್ಲೂ ಇಷ್ಟು ಪುಸ್ತಕ ಇರಬಹುದಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ. 2005ರಲ್ಲಿ ಪೋಲೆಂಡಿನ ಪುರಾತತ್ವ ತಂಡಕ್ಕೆ ಇದೇ ಪ್ರದೇಶದ ಇನ್ನೊಂದು ಸನ್ಯಾಸಿ ನೆಲೆಯ ತಿಪ್ಪೆಯಲ್ಲಿ ಎರಡು ಇಡೀ ಪಪೈರಸ್ ಪುಸ್ತಕಗಳೇ ಸಿಕ್ಕವು. ಅಂಥ ಅದೃಷ್ಟ ಅಪರೂಪ.

ತಿಪ್ಪೆ ಅಂದಾಗ ಒಂದು ಮಾತು. ಕನ್ನಡದ ಮಾತುಗಳಿವೆ ಅಂತ ನಮ್ಮಲ್ಲಿ ದೊಡ್ಡ ಚರ್ಚೆ ಎಬ್ಬಿಸಿದ, ಈಜಿಪ್ಟಿನ ಆಕ್ಸಿರಿಂಕಸ್ ಊರಿನ ಪಪೈರಸ್ ಮೇಲೆ ಸಿಕ್ಕ ಗ್ರೀಕ್ ಪ್ರಹಸನ ನಿಮಗೆ ನೆನಪಿರಬಹುದು. ಅದು ಕನ್ನಡವೋ ಅಲ್ಲವೋ ಅನ್ನುವುದರಲ್ಲಿ ಇನ್ನೂ ಒಮ್ಮತ ಇಲ್ಲ. ಆದರೆ ಆ ಪಪೈರಸ್ ಬಂದ ಊರಲ್ಲೂ ಪಪೈರಸ್ ಸಿಕ್ಕಿದ್ದು ಕಸದ ದಿಬ್ಬಗಳಲ್ಲೇ. ಈಜಿಪ್ಟಿನಲ್ಲಿ ತಿಪ್ಪೆಯನ್ನು ಯಾರೂ ಸುಮ್ನೆ ಬಿಡಬಾರದು.

ಥೀಬ್ಸ್ ಬಿಟ್ಟು ಬೇರೆ ಕಡೆಗೂ ಒಂದು ನೋಟ ಹಾಕೋಣ, ಯಾಕಂದರೆ ಎಲ್ಲ ಮಠಗಳೂ ಒಂದೇ ಥರ ಇರಲಿಲ್ಲ. ಮಧ್ಯ ಈಜಿಪ್ಟಿನ ಬಾವಿತ್‌ನಲ್ಲಿ ಸಂತ ಅಪೊಲೊ ಹೆಸರಿನ ಭಾರೀ ಮಠ ಇತ್ತು. ಅಲ್ಲಿಯ ಚೂರುಗಳಲ್ಲಿ ಆತ್ಮೀಯ ಪತ್ರ ಕಡಿಮೆ, ಸರಕು ಸಾಗಣೆಯ ಚೀಟಿ ಜಾಸ್ತಿ. ಇಷ್ಟು ಗೋಧಿ, ಇಷ್ಟು ವೈನ್, ಇಂಥ ಒಂಟೆಯವನ ಕೈಲಿ, ಇಂಥ ಜಾಗದಿಂದ. ಅದು ದೊಡ್ಡ ಜಮೀನ್ದಾರಿ ನಡೆಸುವ ಸಂಸ್ಥೆಯ ದಾಖಲೆ. ಸಕ್ಕಾರಾದ ಸಂತ ಜೆರೆಮಿಯಸ್ ಮಠದಲ್ಲಿ ಮಸಿಗಿಂತ ಉಳಿಯ ಕೆಲಸ ಹೆಚ್ಚು. 1906ರಿಂದ 1910ರವರೆಗೆ ಜೇಮ್ಸ್ ಕ್ವಿಬೆಲ್ ಅಗೆದಾಗ ಕೆತ್ತಿದ ಗೋರಿಕಲ್ಲುಗಳು ಬಹಳ ಬಂದವು. ಅವುಗಳಲ್ಲಿ ಸತ್ತವನ ಹೆಸರು, ತೀರಿಕೊಂಡ ದಿನ, ಮಠದ ಸಂತರಾದ ಜೆರೆಮಿಯಸ್, ಎನೋಕ್, ಮತ್ತೆ ಸಿಬಿಲ್ಲಾ ಅನ್ನುವ ತಾಯಿಗೆ ಪ್ರಾರ್ಥನೆ ಇರುತ್ತದೆ. ಯಾರು ಯಾವ ಕೆಲಸದಲ್ಲಿದ್ದರು ಅನ್ನುವುದೂ ಕೆಲವು ಕಲ್ಲುಗಳಲ್ಲಿ ಇದೆ. ಕೆತ್ತಿದ ಕಲ್ಲು ಎಲ್ಲರೂ ನೋಡಲಿ ಅಂತ ಮಾಡಿದ್ದು. ಬೋಕಿಯ ಪತ್ರ ಒಬ್ಬನೇ ಓದಿ ಎಸೆಯಲಿ ಅಂತ. ಎಸೆಯಲು ಬರೆದದ್ದರಲ್ಲಿ ಸುಳ್ಳು ಹೇಳುವ ಅವಶ್ಯಕತೆ ಕಡಿಮೆ. ಹಾಗಾಗಿ ಎರಡರಲ್ಲಿ ಒಂದು ಆರಿಸು ಅಂದರೆ ನಾನು ಬೋಕಿಯನ್ನೇ ಆರಿಸುತ್ತೇನೆ.

ಹಾಗಂತ ಬೋಕಿ ಎಲ್ಲವನ್ನೂ ಹೇಳುವುದಿಲ್ಲ. ಮುಖ್ಯ ತೊಂದರೆ ಕಾಲ ಗುರುತಿಸುವುದು. ಆ ಕಾಲದವರು ಕಂದಾಯದ 15 ವರ್ಷಗಳ ಚಕ್ರದಿಂದ ವರ್ಷ ಎಣಿಸುತ್ತಿದ್ದರು. ಚೂರಿನ ಮೇಲೆ ನಾಲ್ಕನೇ ವರ್ಷ ಅಂತಿರುತ್ತದೆ. ಯಾವ ಚಕ್ರದ ನಾಲ್ಕನೇ ವರ್ಷ ಅಂತ ಇರುವುದಿಲ್ಲ. 586 ಆಗಬಹುದು, 601 ಆಗಬಹುದು, 616 ಆಗಬಹುದು. ಓದುವವನ ಪುಣ್ಯಕ್ಕೆ ಒಂದು ಚೂರು ಸಿಕ್ಕಿದೆ. ಅದರಲ್ಲಿ ಯಾರೋ ಬರೆದಿಟ್ಟಿದ್ದಾನೆ: ನಾಲ್ಕನೇ ವರ್ಷ, ಫಮೆನೋಥ್ ತಿಂಗಳ 14, ಹಗಲಿನ ನಾಲ್ಕನೇ ತಾಸಿನಲ್ಲಿ ಸೂರ್ಯನಿಗೆ ಗ್ರಹಣ ಹಿಡಿಯಿತು, ಆಗ ಜೇಮೆಗೆ ಪಲೂವಿನ ಮಗ ಪೀಟರ್ ಲಶಾನೆ. ಗ್ರಹಣದ ಲೆಕ್ಕ ಹಾಕಿದರೆ ಅದು 601ರ ಮಾರ್ಚ್ 10. ಆ ಪೀಟರ್ ಹೆಸರು ಬಂದ ಬೇರೆ ಚೂರುಗಳಿಗೂ, ಅವುಗಳಿಂದ ಬಿಷಪ್ ಅಬ್ರಹಾಂ ಅವರ ಕಾಲಕ್ಕೂ ಒಂದು ಗೂಟ ಸಿಕ್ಕಿತು. ನಾನು ಮೇಲೆ 600ರ ಆಸುಪಾಸು ಅಂತ ಧೈರ್ಯವಾಗಿ ಬರೆದದ್ದರ ಹಿಂದೆ ಈ ಗ್ರಹಣವೂ ಇದೆ.

ಇನ್ನೊಂದು ಮಿತಿ. ಚೂರಿನಲ್ಲಿ ಕಾಣುವುದು ಚೂರಿಗೆ ತಕ್ಕ ವಿಷಯ ಮಾತ್ರ. ಎಂಟನೇ ಶತಮಾನದಲ್ಲಿ ತಂದೆತಾಯಿಗಳು ಕಾಯಿಲೆ ಬಿದ್ದ ತಮ್ಮ ಮಕ್ಕಳನ್ನು ಫೋಯ್ಬಮ್ಮೊನ್ ಮಠಕ್ಕೆ ಸೇವೆಗೆ ಬರೆದುಕೊಟ್ಟ ಪತ್ರಗಳಿವೆ. ಓದಿದರೆ ಹೊಟ್ಟೆ ಕಿವುಚುತ್ತದೆ. ಅವೆಲ್ಲ ಪಪೈರಸ್ ಮೇಲೆ, ಯಾಕಂದರೆ ಅದು ಶಾಶ್ವತ ಕರಾರು. ಬರೀ ಚೂರುಗಳನ್ನು ನೋಡಿದ್ದರೆ ಮಠದ ಬದುಕಿನ ಈ ಮುಖ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಹಾಗೇ ಪ್ರಾರ್ಥನೆ. ದಿನದ ಹೆಚ್ಚು ಹೊತ್ತು ಪ್ರಾರ್ಥನೆಯಲ್ಲೇ ಕಳೆದಿರಬೇಕು. ಪ್ರಾರ್ಥನೆ ಮಾಡುವುದಕ್ಕೆ ಯಾರೂ ಪಕ್ಕದ ಗುಹೆಯವನಿಗೆ ಚೀಟಿ ಕಳಿಸುವುದಿಲ್ಲ. ದಾರ ಮುಗಿದಾಗ ಕಳಿಸುತ್ತಾರೆ. ಚೂರುಗಳನ್ನೇ ನಂಬಿ, ಇವರೆಲ್ಲ ಬರೀ ವ್ಯಾಪಾರಸ್ಥರು, ಕಾವಿಯ ವೇಷ ಅಷ್ಟೇ ಅನ್ನುವವರೂ ಇದ್ದಾರೆ. ಅದು ಸಂತಚರಿತ್ರೆಯಷ್ಟೇ ಏಕಪಕ್ಷೀಯ.

ಅರಬರ ಆಳ್ವಿಕೆ ಬಂದ ಮೇಲೆ, ಎಂಟನೇ ಶತಮಾನದ ಶುರುವಿನಲ್ಲಿ ಸನ್ಯಾಸಿಗಳ ಮೇಲೂ ತಲೆಗಂದಾಯ ಬಿತ್ತು. ಜೇಮೆಯ ಕಂದಾಯ ರಸೀದಿಗಳು ಚೂರಿನ ಮೇಲೆ ಬೇಕಾದಷ್ಟಿವೆ. ಎಂಟನೇ ಶತಮಾನ ಮುಗಿಯುವ ಹೊತ್ತಿಗೆ ಜೇಮೆ ಖಾಲಿಯಾಯಿತು. ಊರು ಹೋದ ಮೇಲೆ ಗುಡ್ಡದ ಪತ್ರಗಳೂ ನಿಂತವು. ಊರಿಗೂ ಗುಡ್ಡಕ್ಕೂ ನಂಟು ಎಷ್ಟು ಗಟ್ಟಿಯಿತ್ತು ಅನ್ನುವುದಕ್ಕೆ ಇದೂ ಒಂದು ಪುರಾವೆ.

ಕೊನೆಗೆ, ಕೊಳ್ಳುವ ವಿಷಯ. ಕೊಳ್ಳದೆ ಬಂದದ್ದು ಒಳ್ಳೆಯದಾಯಿತು. ಈಜಿಪ್ಟಿನ 1983ರ 117ನೇ ಕಾನೂನಿನ ಪ್ರಕಾರ ಪ್ರಾಚೀನ ವಸ್ತುಗಳ ವ್ಯಾಪಾರವೇ ನಿಷಿದ್ಧ, ದೇಶದಿಂದ ಹೊರಗೆ ಒಯ್ಯುವುದೂ ಅಪರಾಧ. ಬೀದಿಯಲ್ಲಿ ಮಾರುವವನ ಕೈಯಲ್ಲಿರುವ ಚೂರು ನಕಲಿ ಇರುವ ಸಾಧ್ಯತೆಯೂ ಇದೆ. ಹಳೇ ಹೂಜಿಯ ನಿಜವಾದ ಬೋಕಿಗೆ ಹೊಸ ಮಸಿಯಲ್ಲಿ ನಾಲ್ಕು ಅಕ್ಷರ ಗೀಚಿದರೆ, ಮಡಕೆ ಅಸಲಿ, ಬರಹ ಖೋಟಾ. ನಿಜವಾದದ್ದೇ ಆಗಿದ್ದರೂ, ಅದು ಯಾವ ಗೋರಿಯ ಅಂಗಳದ್ದು, ಯಾವ ಚೂರುಗಳ ಜೊತೆ ಬಿದ್ದಿತ್ತು ಅಂತ ಮಾರುವವನು ಹೇಳುವುದಿಲ್ಲ. ಫ್ರಾಂಗೆಯ ಚದುರಿದ ಪತ್ರಗಳು ನೂರು ವರ್ಷ ಅನಾಥವಾಗಿದ್ದದ್ದು ಇದೇ ಕಾರಣಕ್ಕೆ. ಮುಂದಿನ ಸಲ ಲಕ್ಸರ್‌ಗೆ ಹೋದರೆ ಅರ್ಧ ದಿನ ಮದೀನತ್ ಹಾಬುಗೆ ಇಟ್ಟುಕೊಳ್ಳಿ. ದೇವಸ್ಥಾನದ ಪ್ರಾಕಾರದ ಒಳಗೆ ಅಲ್ಲಲ್ಲಿ ಮಣ್ಣಿಟ್ಟಿಗೆಯ ಮನೆಗಳ ಗುರುತು ಇನ್ನೂ ಇದೆ, ಗೈಡ್‌ಗಳು ಅದನ್ನು ತೋರಿಸದೆ ಮುಂದೆ ಕರೆದುಕೊಂಡು ಹೋಗುತ್ತಾರೆ. ಕೇಳಿ ನೋಡಿ.